ವಾಪಸ್ ಬಂದ ಕಟ್ಟುಗಳು

ಸೊಸೆಯ ಹೆಸರು ಪರದೆಯ ಮೇಲೆ ಎರಡನೇ ವಾರವೂ ಕೆಂಪಾಗಿತ್ತು. ಮನೆಯವರಿಗೆ ಅದು ಗೊತ್ತಾದದ್ದು ಅನ್ನ ತಳ ಹಿಡಿದ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಲ್ಲಿ ಅನ್ನ ತಳ ಹಿಡಿದದ್ದನ್ನು ಅಜ್ಜಿ ಕಂಡಿರಲಿಲ್ಲ. ಏನಾಯಿತೆಂದು ಕೇಳಿದರೆ ಮೊದಲು ಏನಿಲ್ಲ ಎಂದಳು. ಎರಡನೇ ಸಲ ಕೇಳಿದಾಗ ಪಾತ್ರೆಯನ್ನು ಸಿಂಕಿನಲ್ಲಿ ಕುಕ್ಕಿ ಎಲ್ಲವನ್ನೂ ಹೇಳಿದಳು.

ಅವಳಿಗೆ ಕೆಲಸ ಆಸ್ಪತ್ರೆಯ ಲಾಂಡ್ರಿಯಲ್ಲಿ. ಇಸ್ತ್ರಿಯ ಉರುಳೆಯಿಂದ ಬಿಸಿಬಿಸಿಯಾಗಿ ಹೊರಬಂದ ಬೆಡ್‌ಶೀಟುಗಳನ್ನು ಮಡಿಸಿ ಹತ್ತು ಹತ್ತರ ಕಟ್ಟು ಕಟ್ಟುವುದು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾಳೆ. ಆರು ತಿಂಗಳ ಹಿಂದೆ ಅಲ್ಲಿಗೂ ಕಂಪ್ಯೂಟರ್ ಬಂತು. ಕಟ್ಟಿಗೊಂದು ಗೆರೆಗೆರೆಯ ಚೀಟಿ ಅಂಟಿಸಿ ಸ್ಕ್ಯಾನರಿಗೆ ಹಿಡಿದರೆ ಅದು ಒಮ್ಮೆ ಕೀಂ ಎನ್ನುತ್ತದೆ, ಆ ಮೇಜಿನವಳ ಲೆಕ್ಕಕ್ಕೆ ಒಂದು ಕಟ್ಟು ಸೇರುತ್ತದೆ. ಗೋಡೆಯ ಪರದೆಯಲ್ಲಿ ಹನ್ನೆರಡು ಹೆಂಗಸರ ಹೆಸರು. ವಾರದ ಆರು ದಿನಕ್ಕೆ ಇನ್ನೂರ ನಲವತ್ತು ಕಟ್ಟು ಮುಟ್ಟಿದವರು ಹಸಿರು, ಮುಟ್ಟದವರು ಕೆಂಪು. ನಾಲ್ಕು ವಾರ ಬಿಡದೆ ಕೆಂಪಾದರೆ ಐದನೇ ವಾರದ ಪಾಳಿಪಟ್ಟಿಯಲ್ಲಿ ಹೆಸರಿರುವುದಿಲ್ಲ. ಯಾರೂ ಕರೆದು ಬೈಯುವುದಿಲ್ಲ, ಯಾಕಮ್ಮಾ ಎಂದು ಕೇಳುವುದೂ ಇಲ್ಲ. ಭಾನುವಾರ ಫೋನಿಗೆ ಬರುವ ಪಟ್ಟಿಯಲ್ಲಿ ನೀನಿಲ್ಲ ಎಂದರೆ ಇಲ್ಲ, ಅಷ್ಟೇ.

ಈ ವ್ಯವಸ್ಥೆಗೆ ತಂತಿ ಎಳೆದು ಕೂರಿಸಿದವನು ಬೇರೆ ಯಾರೂ ಅಲ್ಲ, ಅವಳ ಗಂಡನೇ. ಮನೆಯ ಮುಂದಿನ ಕೋಣೆಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ.

"ಮಷೀನ್ ಎಣಿಸೋದ್ರಲ್ಲಿ ತಪ್ಪಿಲ್ಲ," ಎಂದ ಅವನು, ತಟ್ಟೆಯಿಂದ ಕಣ್ಣೆತ್ತದೆ. "ತಿಂಗಳಿಗೊಂದು ಸಲ ನಾನೇ ಹೋಗಿ ನೋಡ್ತೀನಲ್ಲ."

"ಹಾಗಾದ್ರೆ ತಪ್ಪು ನನ್ನದು."

"ಹಾಗಂದ್ನಾ ನಾನು?"

"ಮತ್ತೆ ಹೇಗಂದ್ರಿ?"

ಕಾಲೇಜಿಗೆ ಹೋಗುವ ಮೊಮ್ಮಗಳು ಫೋನಿನಿಂದ ಮುಖವೆತ್ತಿ, ಸ್ವಲ್ಪ ಬೇಗ ಬೇಗ ಮಡಿಸಿದರಾಯಿತಲ್ಲಮ್ಮ ಎಂದಳು. ತಾಯಿ ನೋಡಿದ ನೋಟಕ್ಕೆ ಮತ್ತೆ ಫೋನಿನೊಳಗೆ ಇಳಿದಳು. ಅಜ್ಜಿ ಸುಟ್ಟ ವಾಸನೆಯ ಅನ್ನವನ್ನೇ ಎರಡನೇ ಸಲ ಬಡಿಸಿಕೊಂಡು ಕೇಳಿದಳು: "ಅದಕ್ಕೆ ಅಂಕಿ ಉಣಿಸೋದು ಯಾರು?"

ಮಗ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಈ ಪ್ರಶ್ನೆಯ ಹಿಂದೆಯೇ ಮಷೀನ್ ರೂಮಿನ ಕಥೆ ಬರುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅಜ್ಜಿ ಇಪ್ಪತ್ತನೇ ವಯಸ್ಸಿಗೆ ವಿದ್ಯುತ್ ಕಚೇರಿಗೆ ಸೇರಿದವಳು. ಆಗ ಕಂಪ್ಯೂಟರ್ ಎಂದರೆ ಒಂದು ಹಜಾರದ ತುಂಬ ನಿಂತ ಬೀರುಗಳು. ಅವು ಬಿಸಿಯಾಗಬಾರದೆಂದು ತಣ್ಣನೆಯ ಗಾಳಿ ಬಿಡುತ್ತಿದ್ದರು, ಆ ಗಾಳಿಗೆ ಹುಡುಗಿಯರು ಸ್ವೆಟರ್ ತೊಟ್ಟು ನಡುಗುತ್ತ ಕೂರುತ್ತಿದ್ದರು. ಊರಿನ ಮನೆಮನೆಯ ಮೀಟರಿನ ಅಂಕಿಗಳನ್ನು ಗಟ್ಟಿ ಕಾಗದದ ಕಾರ್ಡಿನ ಮೇಲೆ ತೂತುಗಳಾಗಿ ಹೊಡೆದರೆ ಬೀರುಗಳು ಅದನ್ನು ಓದಿ ಬಿಲ್ಲು ಕಾರುತ್ತಿದ್ದವು. ಅಲ್ಲೊಂದು ಕಟ್ಟುನಿಟ್ಟು ಇತ್ತು. ಒಬ್ಬಳು ಹೊಡೆದ ಕಾರ್ಡನ್ನು ಇನ್ನೊಬ್ಬಳು ಮತ್ತೊಂದು ಯಂತ್ರಕ್ಕೆ ಹಾಕಿ, ಅದೇ ಹಾಳೆ ನೋಡಿಕೊಂಡು, ಮೊದಲಿನವಳನ್ನು ಒಂದು ಮಾತೂ ಕೇಳದೆ ಎರಡನೇ ಸಲ ಕುಟ್ಟಬೇಕು. ಇಬ್ಬರ ಅಂಕಿ ಹೊಂದದಿದ್ದರೆ ಯಂತ್ರ ಅಲ್ಲೇ ಬಿಗಿದುಕೊಂಡು ನಿಲ್ಲುತ್ತಿತ್ತು. ಒಮ್ಮೆ ಮೇಲಧಿಕಾರಿ, ಕೆಲಸ ಚುರುಕಾಗಲಿ, ಎರಡನೇ ಸಲ ಕುಟ್ಟುವುದು ಬೇಡ ಎಂದ. ಹದಿನಾಲ್ಕು ಹುಡುಗಿಯರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಇಡೀ ದಿನ ಕುಳಿತುಬಿಟ್ಟರು. ಮಾರನೆಯ ದಿನ ಆ ಆಜ್ಞೆ ಮಾಯವಾಯಿತು. 'ಕಂಪ್ಯೂಟರ್ ಹೇಳಿತು' ಎಂಬ ಮಾತು ಕೇಳಿದರೆ ಅಜ್ಜಿಯ ಹುಬ್ಬು ಇವತ್ತಿಗೂ ಗಂಟಿಕ್ಕುತ್ತದೆ. ಬೀದಿಯ ಜನ ಅವಳನ್ನು ಕಾರ್ಡಜ್ಜಿ ಎಂದೇ ಕರೆಯುತ್ತಾರೆ.

ಮಗ ಬೆಳೆದದ್ದು ಬೇರೆ ಕಂಪ್ಯೂಟರುಗಳ ಜೊತೆ. ಅಂಗಡಿ ಶುರು ಮಾಡಿದಾಗ ನಾಲ್ಕು ಯಂತ್ರ ಇಟ್ಟಿದ್ದ, ಶಾಲೆ ಬಿಟ್ಟೊಡನೆ ಮಕ್ಕಳು ಆಟವಾಡಲು ಮುಗಿಬೀಳುತ್ತಿದ್ದರು. ಆಮೇಲೆ ದೂರದಲ್ಲಿರುವ ತಮ್ಮವರಿಗೆ ಪತ್ರ ಕಳಿಸುವವರು ಬಂದರು, ಒಂದು ಕುರ್ಚಿಗೆ ಮೂವರು ಕಾಯುತ್ತಿದ್ದರು. ಆಮೇಲೆ ಅರ್ಜಿ ತುಂಬುವವರು, ಫಲಿತಾಂಶ ನೋಡುವವರು, ಮದುವೆಯ ಪತ್ರ ಮುದ್ರಿಸುವವರು. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಫೋನಿನೊಳಗೆ ಹೊಕ್ಕುಬಿಟ್ಟರು. ಈಗ ಬರುವವರಲ್ಲಿ ಅರ್ಧ ಜನ ಸತ್ತ ಫೋನಿನಿಂದ ಫೋಟೋ ತೆಗೆಸಿಕೊಳ್ಳುವವರು. ಉಳಿದರ್ಧ ಮನೆಯಲ್ಲೇ ಕುಳಿತು ಕಚೇರಿ ಕೆಲಸ ಮಾಡುವವರು. ಇವರಿಗೆ ಬೇಕಾದದ್ದು ತಾನಾಗಿ ಮೌಸ್ ಅಲುಗಾಡಿಸುವ ಒಂದು ಸಾಧನ. ಮೌಸ್ ಐದು ನಿಮಿಷ ಸುಮ್ಮನಿದ್ದರೆ ಕಚೇರಿಯ ಕಂಪ್ಯೂಟರ್ ಇವರನ್ನು ಸೋಮಾರಿ ಎಂದು ಬರೆದುಕೊಳ್ಳುತ್ತದಂತೆ. ಮಗ ಆಟಿಕೆಯ ಫ್ಯಾನಿನ ಮೋಟರಿನಿಂದ ಅದನ್ನು ಮಾಡಿಕೊಡುತ್ತಾನೆ. ಮೊದಲ ಸಲ ನೋಡಿದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ನಗು ಬರಲಿಲ್ಲ.

"ನಮ್ಮ ಕಾಲದಲ್ಲಿ ಅದು ಕರೆಂಟು ಎಣಿಸ್ತಿತ್ತು," ಎಂದಳು ಅನ್ನ ತಳ ಹಿಡಿದ ಆ ರಾತ್ರಿ ಊಟದಲ್ಲಿ. "ನಮ್ಮನ್ನ ಎಣಿಸೋಕೆ ಯಾವಾಗ ಶುರು ಮಾಡ್ತು?"

ಮಗ ಮಜ್ಜಿಗೆಗೆ ಕೈ ಚಾಚಿದ. ಅಂಗಡಿಯ ಆದಾಯ ಇಳಿದು ಇಳಿದು ಈಗ ಅವನಿಗೆ ನೆಚ್ಚಿಕೊಳ್ಳಲು ಉಳಿದದ್ದು ಆಸ್ಪತ್ರೆಯ ಉಸ್ತುವಾರಿ ಗುತ್ತಿಗೆಯೊಂದೇ. ತಿಂಗಳ ಕೊನೆಗೆ ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವನು ಲಾಂಡ್ರಿಯ ಸೂಪರ್‌ವೈಸರ್. ಹೆಂಡತಿ ಅಲ್ಲಿ ಜಗಳ ತೆಗೆದರೆ ಗಂಡನ ಗತಿಯೇನು ಎಂಬುದು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ನಾಚಿಕೆಗೆಟ್ಟವನೂ ಅವನಲ್ಲ.

ಮೂರನೇ ವಾರ ಸೋಮವಾರ, ಸೊಸೆ ಬೀನ್ಸ್ ಹೆಚ್ಚುತ್ತಿರುವಾಗ ಅವನು ಪಕ್ಕದಲ್ಲಿ ಕುಳಿತು ಮೆಲ್ಲಗೆ ವಿಷಯ ಎತ್ತಿದ. ವಾಪಸ್ ಬಂದ ಕಟ್ಟುಗಳನ್ನು ಮುಟ್ಟಬೇಡ, ಪಕ್ಕಕ್ಕೆ ತಳ್ಳು, ತಾನಾಗಿ ಹಸಿರಾಗುತ್ತೀ ಎಂದ.

ಆಗ ಅಜ್ಜಿಗೆ ವಾಪಸ್ ಕಟ್ಟುಗಳ ವಿಷಯ ತಿಳಿಯಿತು. ಎದ್ದೇಳಲಾಗದ ರೋಗಿಗಳ ವಾರ್ಡೊಂದಿದೆ. ಅಲ್ಲಿ ಮಲಗಿದವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಅರ್ಧ ಶೀಟು ಹಾಸಿ, ಮತ್ತೆ ಇನ್ನೊಂದು ಮಗ್ಗುಲಿಗೆ ಹೊರಳಿಸಿ ಉಳಿದರ್ಧ ಎಳೆಯಬೇಕು. ಅದಕ್ಕೆ ಶೀಟನ್ನು ಉದ್ದಕ್ಕೆ ಮಡಿಸಿ ನಡು ಗೆರೆ ಹೊರಗೆ ಕಾಣುವಂತೆ ಇಡಬೇಕು. ಚೌಕಕ್ಕೆ ಮಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ನರ್ಸು ಅದನ್ನು ನರಳುವ ರೋಗಿಯ ಮೈಮೇಲೆಯೇ ಬಿಡಿಸಬೇಕಾಗುತ್ತದೆ. ಪರದೆ ಬಂದ ಮೇಲೆ ಒಬ್ಬೊಬ್ಬರಾಗಿ ಚೌಕಕ್ಕೇ ಮಡಿಸತೊಡಗಿ, ಈಗ ಉಳಿದವರೆಲ್ಲರೂ ಹಾಗೆಯೇ. ನರ್ಸುಗಳು ಅಂಥ ಕಟ್ಟುಗಳನ್ನು ವಾಪಸ್ ಕಳಿಸುತ್ತಾರೆ. ಬಾಗಿಲ ಪಕ್ಕದ ಮೇಜು ಸೊಸೆಯದು, ಹಾಗಾಗಿ ಅವು ಅವಳ ಮುಂದೆಯೇ ಬಂದು ಬೀಳುತ್ತವೆ. ಅವಳು ಬಿಚ್ಚಿ, ಕೊಡವಿ, ಉದ್ದಕ್ಕೆ ಮಡಿಸಿ ಮತ್ತೆ ಕಟ್ಟುತ್ತಾಳೆ. ಹೊಸದಾಗಿ ಮಡಿಸುವುದಕ್ಕಿಂತ ಬಿಚ್ಚಿ ಮಡಿಸುವುದು ಜಾಸ್ತಿ ಕೆಲಸ.

"ಒಂದು ದಿನ ನೋಡು," ಎಂದು ಗಂಡ ಅಂಗಲಾಚಿದ.

ಅವಳು ಒಂದು ದಿನ ನೋಡಿದಳು. ಮಂಗಳವಾರ ವಾಪಸ್ ಬಂದದ್ದನ್ನೆಲ್ಲ ಪಕ್ಕಕ್ಕೆ ತಳ್ಳಿ ಐವತ್ತೆರಡು ಕಟ್ಟು ಕಟ್ಟಿದಳು. ಆ ದಿನದ ಮಟ್ಟಿಗೆ ಎಲ್ಲರಿಗಿಂತ ಮೇಲೆ ಅವಳ ಹೆಸರು. ಸಂಜೆ ಮನೆಗೆ ಬಂದವಳು ಚಹಾ ಕುಡಿಯದೆ ಬಟ್ಟೆ ಒಗೆಯಲು ಕುಳಿತಳು. ಒಗೆಯುತ್ತ ಹೇಳಿದಳು: ವಾರ್ಡಿನಿಂದ ನರ್ಸೊಬ್ಬಳು ತಾನೇ ಇಳಿದುಬಂದು, ಮೇಜಿನ ಪಕ್ಕದ ರಾಶಿಯನ್ನು ನೋಡಿ, ನೀನೂ ಶುರು ಮಾಡಿದೆಯಾ ಎಂದು ಕೇಳಿ ಹೋದಳಂತೆ.

"ನಾಳೆಯಿಂದ ನಂಗೆ ಆಗಲ್ಲ," ಎಂದಳು. "ಕೆಲಸ ಹೋದ್ರೆ ಹೋಗ್ಲಿ. ಆ ಮಾತು ಇನ್ನೊಂದು ಸಲ ಕೇಳಿಸ್ಕೊಳ್ಳಲ್ಲ."

ಮೂರನೇ ವಾರವೂ ಕೆಂಪು ಬಂತು. ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟರು. ಉಪ್ಪು ಬೇಕಾದರೆ ಮಗಳ ಮೂಲಕ ಕೇಳುತ್ತಿದ್ದರು.

ಅಜ್ಜಿಯ ರೊಚ್ಚು ಈಗ ಮಾತಿನ ಮಟ್ಟ ದಾಟಿತು. ಎಲ್ಲೋ ಎಣಿಕೆ ತಪ್ಪಿದೆ ಎಂಬುದು ಅವಳ ಗಟ್ಟಿ ನಂಬಿಕೆ. ಮಡಿಸುವವಳನ್ನು ಬಿಟ್ಟು ಬೇರೆ ಇಬ್ಬರು, ಒಬ್ಬರನ್ನೊಬ್ಬರು ಕೇಳದೆ ಎಣಿಸಬೇಕು, ಆಗ ಕಳ್ಳತನ ಸಿಕ್ಕೇ ಸಿಗುತ್ತದೆ ಎಂದಳು. ಒಬ್ಬಳು ತಾನೇ. ಇನ್ನೊಬ್ಬಳಾಗಿ ಅವಳು ಆರಿಸಿದ್ದು ಲಾಂಡ್ರಿಯಲ್ಲಿ ಎಲ್ಲರೂ 'ಎಕ್ಸ್‌ಪ್ರೆಸ್' ಎಂದು ಕರೆಯುವ ಹೆಂಗಸನ್ನು. ಪರದೆಯಲ್ಲಿ ಸದಾ ಮೊದಲು ಅವಳ ಹೆಸರೇ. ಸೊಸೆ ಬೇಡ ಅತ್ತೆ, ಅವಳ ಬಾಯಿ ಸರಿಯಿಲ್ಲ ಎಂದರೂ ಅಜ್ಜಿ ಕಿವಿಗೆ ಹಾಕಿಕೊಳ್ಳದೆ ಎರಡು ಬೀದಿ ಆಚೆಗಿದ್ದ ಅವಳ ಮನೆಗೆ ಹೋದಳು.

"ಎಣಿಸ್ತೀನಿ ಅಜ್ಜಿ, ಅದಕ್ಕೇನು," ಎಂದಳು ಎಕ್ಸ್‌ಪ್ರೆಸ್. "ಆದ್ರೆ ನಿಮ್ಮ ಸೊಸೆ ನಿಧಾನ ಅಂತಾನೇ ಲೆಕ್ಕ ಬರೋದು. ಆಮೇಲೆ ಬೇಜಾರು ಮಾಡ್ಕೋಬೇಡಿ."

"ನಿಜ ಬಂದ್ರೆ ಸಾಕು," ಎಂದಳು ಅಜ್ಜಿ. ನಿಜವೆಂದರೆ ತನಗೆ ಬೇಕಾದದ್ದೇ ಎಂಬ ಧೈರ್ಯ ಅವಳಿಗೆ.

ನಾಲ್ಕನೇ ವಾರದ ಸೋಮವಾರ, ಮಂಗಳವಾರ, ಬುಧವಾರ ಅಜ್ಜಿ ಬೆಳಿಗ್ಗೆಯೇ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ, ಬ್ರೆಡ್ಡು ತುಂಬಿಕೊಂಡು ಹೊರಟು, ಲಾಂಡ್ರಿಯ ಬಾಗಿಲ ಎದುರಿನ ಬೆಂಚಿನ ಮೇಲೆ ಕುಳಿತಳು. ಆಸ್ಪತ್ರೆಯ ಬೆಂಚಿನ ಮೇಲೆ ಮುದುಕಿಯೊಬ್ಬಳು ಕುಳಿತಿದ್ದರೆ ಯಾಕೆ ಕುಳಿತೆ ಎಂದು ಯಾರೂ ಕೇಳುವುದಿಲ್ಲ. ಒಬ್ಬ ಡಾಕ್ಟರು ಮಾತ್ರ ನಿಂತು, ಯಾರೂ ನೋಡಲಿಲ್ಲವೇ ಎಂದು ವಿಚಾರಿಸಿದ. ನಾನೇ ನೋಡುತ್ತಿದ್ದೇನೆ ಎಂದಳು. ಸೊಸೆಯ ಮೇಜಿನಿಂದ ಹೋದ ಒಂದೊಂದು ಕಟ್ಟಿಗೂ ಒಂದೊಂದು ಗೀಟು ಎಳೆದಳು. ಪಾಳಿ ಮುಗಿದಾಗ ಪರದೆಯ ಅಂಕಿಯನ್ನೂ ಬರೆದುಕೊಂಡಳು.

ಬುಧವಾರ ಸಂಜೆ ಎಕ್ಸ್‌ಪ್ರೆಸ್ ತನ್ನ ಹಾಳೆಯೊಂದಿಗೆ ಬಂದಳು. ಊಟದ ಮೇಜಿನ ಮೇಲೆ ತಟ್ಟೆಗಳನ್ನು ಸರಿಸಿ ಎರಡೂ ಹಾಳೆ ಹರಡಿದರು. ಮೊಮ್ಮಗಳು ಕೂಡಿಸಿದಳು. ಅಜ್ಜಿಯದು ಎಂಬತ್ತೆಂಟು. ಎಕ್ಸ್‌ಪ್ರೆಸ್ಸಿನದು ಎಂಬತ್ತೆಂಟು. ಪರದೆಯದೂ ಎಂಬತ್ತೆಂಟು.

ಮಗನಿಗೆ ಗೆದ್ದೆನೆಂದು ಹೇಳುವ ಮನಸ್ಸೂ ಬರಲಿಲ್ಲ. ಐವತ್ತು ವರ್ಷ ನಂಬಿಕೊಂಡು ಬಂದ ವಿದ್ಯೆ ತನ್ನ ಮುಖಕ್ಕೇ ಹೊಡೆಯಿತಲ್ಲ ಎಂದು ಅಜ್ಜಿಗೆ ಅಳು ಬಂತು. ಸೊಸೆ ಎದ್ದು ಒಲೆಯ ಕಡೆ ಹೋದಳು.

"ಅಜ್ಜಿ, ಈ ಅಂಚಲ್ಲಿ ನಲವತ್ತಾರು ಅಂತ ಬರೆದಿದೀಯಲ್ಲ, ಏನದು?" ಎಂದಳು ಮೊಮ್ಮಗಳು.

"ಅದಾ, ವಾಪಸ್ ಬಂದವು. ಅವು ಲೆಕ್ಕಕ್ಕಿಲ್ಲ, ಸುಮ್ನೆ ಪಕ್ಕಕ್ಕೆ ಬರೆದೆ."

"ಇವರ ಹಾಳೆಯಲ್ಲೂ ಪಕ್ಕದಲ್ಲಿ ನಲವತ್ತಾರಿದೆ."

ಅಜ್ಜಿ ಕನ್ನಡಕ ಏರಿಸಿ ಎರಡೂ ಹಾಳೆ ನೋಡಿದಳು. ಅವೆಲ್ಲ ಸೊಸೆ ಎರಡನೇ ಸಲ ಮಡಿಸಿದ ಕಟ್ಟುಗಳು. ಅವಕ್ಕೆ ಹಳೆಯ ಚೀಟಿ ಇದ್ದೇ ಇರುತ್ತದೆ, ಸ್ಕ್ಯಾನರಿಗೆ ಹಿಡಿದರೆ ಈಗಾಗಲೇ ಎಣಿಸಿದೆ ಎನ್ನುತ್ತದೆ. ಮೂರು ದಿನ ಇಬ್ಬರು ಹೆಂಗಸರು ಅವನ್ನು ಕಣ್ಣಾರೆ ಕಂಡು, ಯಾವ ಕಡೆ ಸೇರಿಸಬೇಕೆಂದು ತಿಳಿಯದೆ, ಕಂಪ್ಯೂಟರಿನ ಹಾಗೆಯೇ ಹೊರಗಿಟ್ಟಿದ್ದರು.

"ನಂದೂ ಅದೇ ಬುದ್ಧಿ ಆಯ್ತು," ಎಂದಳು ಅಜ್ಜಿ. "ಇಬ್ಬರು ಕುಟ್ಟಿದ್ರೆ ಬೆರಳಿನ ತಪ್ಪು ಸಿಗುತ್ತೆ. ಏನನ್ನ ಎಣಿಸ್ಬೇಕು ಅಂತ ಹೇಳಿದ್ದೇ ತಪ್ಪಾಗಿದ್ರೆ ಎಷ್ಟು ಜನ ಕುಟ್ಟಿದ್ರೂ ಸಿಗಲ್ಲ."

ಎಂಬತ್ತೆಂಟಕ್ಕೆ ನಲವತ್ತಾರು ಸೇರಿಸಿದರೆ ನೂರ ಮೂವತ್ತನಾಲ್ಕು, ಮೂರು ದಿನದಲ್ಲಿ ಹಸಿರಿಗೆ ಬೇಕಾದ ನೂರ ಇಪ್ಪತ್ತಕ್ಕಿಂತ ಜಾಸ್ತಿ ಎಂದಳು ಮೊಮ್ಮಗಳು. ಎಕ್ಸ್‌ಪ್ರೆಸ್ ತನ್ನ ಹಾಳೆಯನ್ನೇ ನೋಡುತ್ತ ಕುಳಿತಿದ್ದಳು. ಚೀಟಿಯ ಮೇಲೆ ಮಡಿಸಿದವರ ನಂಬರ್ ಇರುತ್ತದೆ. ಬೆಂಚಿನಿಂದ ಅಜ್ಜಿಗೆ ಅದು ಕಂಡಿರಲಿಲ್ಲ, ಅವಳಿಗೆ ಕಂಡಿತ್ತು.

"ಇದರಲ್ಲಿ ಹತ್ತೊಂಬತ್ತು ನನ್ನವು," ಎಂದಳು. ಸೊಸೆ ತಂದಿಟ್ಟ ಚಹಾವನ್ನು ಮುಟ್ಟಲಿಲ್ಲ. "ನೀನು ಒಂದು ದಿನನೂ ಹೇಳ್ಲಿಲ್ಲ ನಂಗೆ."

"ಹೇಳಿದ್ರೆ ಏನ್ ಮಾಡ್ತಿದ್ದೆ?" ಎಂದಳು ಸೊಸೆ. ಎಕ್ಸ್‌ಪ್ರೆಸ್ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಗುರುವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಎರಡು ಹಾಳೆ ಹಿಡಿದು ಸೂಪರ್‌ವೈಸರ್ ಮುಂದೆ ನಿಂತರು. ಅವನು ಕೆಟ್ಟವನಲ್ಲ, ಕುರ್ಚಿ ಹಾಕಿಸಿದ, ಅಜ್ಜಿಗೆ ನೀರು ಕೊಡಿಸಿದ. ಹಾಳೆಗಳನ್ನು ಮೇಲಿಂದ ಕೆಳಗೆ ಓದಿ ಹಿಂದಕ್ಕೆ ಕೊಟ್ಟ. ವಾಪಸ್ ಬಂದದ್ದಕ್ಕೆ ಕಂಪ್ಯೂಟರಿನಲ್ಲಿ ಕಾಲಮ್ಮೇ ಇಲ್ಲ, ತಾನೇನು ಮಾಡಲಿ ಎಂದ. ಕಾಲಮ್ ಹಾಕಿಸು ಎಂದಳು ಅಜ್ಜಿ. ಅದೆಲ್ಲ ಮೇಲಿನವರ ಕೆಲಸ ಎಂದು ಅವನು ಫೋನ್ ಎತ್ತಿಕೊಂಡ. ಸಾಧುವಾಗಿ ಮಾತಾಡಿ ಕೈ ತೊಳೆದುಕೊಳ್ಳುವ ಇಂಥವರಿಗಿಂತ ಬಾಯಿತುಂಬ ಬೈಯುವವರೇ ವಾಸಿ ಎನಿಸಿತು ಅಜ್ಜಿಗೆ.

ಸೊಸೆ ಮೇಜಿಗೆ ಮರಳಿದಾಗ ವಾರ್ಡಿನಿಂದ ಒಂಬತ್ತು ಕಟ್ಟು ವಾಪಸ್ ಬಂದು ಬಿದ್ದಿದ್ದವು. ಅವಳು ಮೊದಲನೆಯದರ ದಾರಕ್ಕೆ ಕೈ ಹಾಕುವಷ್ಟರಲ್ಲಿ ಎಕ್ಸ್‌ಪ್ರೆಸ್ ಬಂದಳು. ಚೀಟಿ ನೋಡಿ ನೋಡಿ ತನ್ನ ನಾಲ್ಕನ್ನು ಎತ್ತಿ ಎದೆಗೆ ಅವುಚಿಕೊಂಡಳು. ಉಳಿದ ಹೆಂಗಸರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದಳು: "ಯಾರ ಹೊಲಸು ಅವರೇ ತೊಳೀಬೇಕು. ನಿಮ್ಮ ನಿಮ್ಮದು ಬಂದು ತಗೊಂಡು ಹೋಗಿ."

ಒಬ್ಬಳು, ಕೆಂಪಾಗ್ತೀವಲ್ಲ ಎಂದಳು.

"ಒಂದು ವಾರ ಕೆಂಪಾದ್ರೆ ಯಾರೂ ಸಾಯಲ್ಲ. ನಮಗೆ ನಾಲ್ಕು ವಾರ ಇದೆ. ಇವಳಿಗೆ ಮೂರು ದಿನ."

ಬಾಗಿಲಾಚೆ ಅಜ್ಜಿ ಬೆಂಚಿನಿಂದ ಎದ್ದು ನಿಂತಿದ್ದಳು. ಮೊದಲು ಇಬ್ಬರು ಬಂದರು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬಳು. ಮಧ್ಯಾಹ್ನದ ಹೊತ್ತಿಗೆ ಸೊಸೆಯ ಮೇಜಿನ ಮೇಲೆ ಅವಳದಲ್ಲದ ಒಂದು ಶೀಟೂ ಇರಲಿಲ್ಲ. ಬಿಚ್ಚಿ ಮಡಿಸುವ ಕಷ್ಟ ಕೈಗೆ ತಾಕಿದ ಮೇಲೆ ಆ ವಾರ್ಡಿನ ಶೀಟುಗಳನ್ನು ಎಲ್ಲರೂ ಮೊದಲ ಸಲವೇ ಉದ್ದಕ್ಕೆ ಮಡಿಸತೊಡಗಿದರು. ಎಲ್ಲರ ಅಂಕಿಯೂ ಕುಸಿಯಿತು. ಸೊಸೆಗೆ ಬೇಕಾದದ್ದು ಇನ್ನೂ ನೂರ ಐವತ್ತೆರಡು. ಅವಳ ಕೈ ಹೇಗೆ ಓಡುತ್ತದೆಂದು ಆ ಕೋಣೆಯವರು ಆರು ತಿಂಗಳಲ್ಲಿ ಒಂದೇ ದಿನ ಕಂಡಿದ್ದರು. ಈಗ ಮೂರು ದಿನ ಕಂಡರು. ಗುರುವಾರ ಐವತ್ತೊಂದು, ಶುಕ್ರವಾರ ಐವತ್ತು. ಮನೆಯಲ್ಲಿ ಎರಡೂ ಸಂಜೆ ಮಗ ಅಡುಗೆ ಮಾಡಿದ. ಆಲೂಗಡ್ಡೆ ಅರ್ಧ ಬೆಂದಿತ್ತು, ಎಲ್ಲರೂ ಹಾಗೆಯೇ ಉಂಡರು. ಮೊಮ್ಮಗಳು ಅಮ್ಮನ ಮಣಿಕಟ್ಟಿಗೆ ಮುಲಾಮು ತಿಕ್ಕಿದಳು.

ಶನಿವಾರ ಪಾಳಿ ಮುಗಿಯಲು ಹತ್ತು ನಿಮಿಷವಿದ್ದಾಗ ಇನ್ನೂರ ನಲವತ್ತನೇ ಕಟ್ಟು ಕೀಂ ಎಂದಿತು. ಅವಳು ನಿಲ್ಲಿಸಲಿಲ್ಲ, ಇನ್ನೂ ಎರಡು ಕಟ್ಟಿದಳು. ಪರದೆಯ ಮೇಲೆ ಹನ್ನೊಂದು ಹೆಸರು ಕೆಂಪು, ಅವಳೊಬ್ಬಳದು ಹಸಿರು.

ಸೂಪರ್‌ವೈಸರ್ ಗಾಬರಿಬಿದ್ದು ಮಗನನ್ನು ಕರೆಸಿದ. ಮಗ ಉಪಕರಣಗಳ ಚೀಲ ಹೊತ್ತು ಬಂದು, ಒಂದೊಂದೇ ಸ್ಕ್ಯಾನರ್ ಪರೀಕ್ಷಿಸಿದ. ಅಜ್ಜಿ ಬೆಂಚಿನ ಮೇಲಿಂದ ಅವನ ಬೆನ್ನನ್ನೇ ನೋಡುತ್ತಿದ್ದಳು. ಈ ವಾರ ಮಷೀನ್ ಕೆಟ್ಟಿತ್ತು ಎಂದು ಬರೆದು ಸಹಿ ಹಾಕು, ವಾರದ ಲೆಕ್ಕವನ್ನೇ ತೆಗೆದುಹಾಕೋಣ, ಗುತ್ತಿಗೆ ಕಾಗದ ಸೋಮವಾರ ಕಳಿಸುತ್ತೇನೆ ಎಂದ ಸೂಪರ್‌ವೈಸರ್. ವಾರವನ್ನೇ ತೆಗೆದರೆ ಸೊಸೆಯ ಹಸಿರೂ ಹೋಗುತ್ತದೆ, ಮೂರು ಕೆಂಪು ಹಾಗೆಯೇ ಉಳಿಯುತ್ತದೆ. ಅದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು.

ಮಗ ಚೀಲದ ಜಿಪ್ ಎಳೆದ. "ಕೆಟ್ಟಿದ್ರೆ ಬರೀತಿದ್ದೆ ಸರ್," ಎಂದ. "ಕೆಟ್ಟಿಲ್ಲ. ಬರೆಯಲ್ಲ."

ದಾರಿಯಲ್ಲಿ ಅಜ್ಜಿ ಅವನ ಚೀಲ ತಾನು ಹಿಡಿಯಲು ಹೋದಳು. ಸುಮ್ಮನಿರಮ್ಮ, ಭಾರ ಇದೆ ಎಂದ. ಅವಳಿಗೆ ಮಗನನ್ನು ತಬ್ಬಿಕೊಳ್ಳಬೇಕೆನಿಸಿತು. ಐವತ್ತು ವರ್ಷದ ಗಂಡಸನ್ನು ಬೀದಿಯಲ್ಲಿ ತಬ್ಬಿಕೊಳ್ಳುವುದು ಹೇಗೆಂದು ತಿಳಿಯದೆ, ಮೊಣಕೈ ಹಿಡಿದು ನಡೆದಳು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಎರಡು ಫೋನೂ ಒಂದರ ಹಿಂದೊಂದು ಸದ್ದು ಮಾಡಿದವು. ಪಾಳಿಪಟ್ಟಿಯಲ್ಲಿ ಸೊಸೆಯ ಹೆಸರಿತ್ತು. ಮಗನ ಫೋನಿನಲ್ಲಿ, ಗುತ್ತಿಗೆಯನ್ನು ಬೇರೆಯವರಿಗೆ ಕೊಡಲಾಗಿದೆ ಎಂಬ ಒಂದು ಸಾಲು. ಅವನು ಅದನ್ನು ಓದಿ ಫೋನನ್ನು ಬೋರಲು ಹಾಕಿ, ಬೇಳೆ ಬಡಿಸು ಎಂದ. ಸೊಸೆ ಬಡಿಸಿದಳು.

"ನಾನೊಬ್ಬಳು ಉಳಿದೆ ಅಂತ ಸುಮ್ಮನಾಗಲ್ಲ ನಾನು," ಎಂದಳು ಸೊಸೆ. "ನನಗೋಸ್ಕರ ಕೆಂಪಾದವರಿಗೆ ಇನ್ನು ಮೂರೇ ವಾರ ಇರೋದು. ಆ ಕಾಲಮ್ ಹಾಕಿಸ್ಲೇಬೇಕು. ಸೂಪರ್‌ವೈಸರ್‌ಗಲ್ಲ, ಅವರ ಮೇಲಿನವರಿಗೇ ಬರೆಯೋಣ. ವಾರ್ಡಿನ ನರ್ಸುಗಳೂ ಸಹಿ ಹಾಕ್ತಾರಂತೆ. ಹನ್ನೆರಡು ಜನ ನಾವಂತೂ ಇದ್ದೀವಿ."

ಮಗ ಕೈ ತೊಳೆದು ಬಂದು ಮುಂದಿನ ಕೋಣೆಯಲ್ಲಿ ಗಿರಾಕಿಗಳ ಯಂತ್ರಗಳನ್ನೆಲ್ಲ ಬದಿಗೆ ಸರಿಸಿ, ತನ್ನದೊಂದನ್ನು ಹಚ್ಚಿಕೊಟ್ಟ. ಪ್ರಿಂಟರಿಗೆ ಕಾಗದ ತುಂಬಿದ. ಮೊಮ್ಮಗಳು ಕೀಬೋರ್ಡ್ ಮುಂದೆ ಕುಳಿತಳು. ಅಜ್ಜಿ ಸ್ಟೂಲ್ ಎಳೆದುಕೊಂಡು ಅವಳ ಬೆನ್ನ ಹಿಂದೆ ಕುಳಿತಳು. ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"ಮೊದಲನೇ ಸಾಲು ಏನು ಬರೀಲಿ ಅಮ್ಮ? ದಯವಿಟ್ಟು ಗಮನಿಸಬೇಕಾಗಿ ಕೋರುತ್ತೇವೆ, ಅಂತನಾ?"

"ಕೋರೋದೆಲ್ಲ ಬೇಡ," ಎಂದಳು ಸೊಸೆ. "ನಮ್ಮಲ್ಲಿ ಯಾರೂ ನಿಧಾನ ಅಲ್ಲ, ಅಂತ ಬರಿ."